ಇಡ್ಲಿ ಹಿಟ್ಟು, ದೋಸೆ ಹಿಟ್ಟು ಮತ್ತು ಗ್ನೂ ಆಕ್ಟೇವ್

ಹೋದ ತಿಂಗಳು ಒಂದು ಭಾನುವಾರ ಬಿಎಸ್ಸಿ ಮಕ್ಕಳ ಲ್ಯಾಬ್ ರೆಕಾರ್ಡ್ ತಿದ್ದುತ್ತಾ ಕೂತಿದ್ದೆ. ಲೆಕ್ಕ ಇದು: (1, 0, 2), (0, 1, 1), (1, 1, 0) ಈ ಮೂರು ವೆಕ್ಟರ್‌ಗಳನ್ನು ಯಾವ ಯಾವ ಸಂಖ್ಯೆಯಿಂದ ಗುಣಿಸಿ ಕೂಡಿಸಿದರೆ (5, 2, 3) ಬರುತ್ತದೆ? ಉತ್ತರ 2, -1, 3. ಬಾಯಲ್ಲೇ ತಾಳೆ ನೋಡಬಹುದು. ಆದರೆ ಒಂಬತ್ತು ರೆಕಾರ್ಡ್‌ಗಳಲ್ಲಿ 2.3333, 0.6667, 1.3333 ಅಂತ ಇತ್ತು. ಒಂಬತ್ತರಲ್ಲೂ ಪ್ರಿಂಟ್‌ಔಟ್ ಅಂಟಿಸಿದ್ದರು. ಎಲ್ಲೂ ಎರರ್ ಇಲ್ಲ, ವಾರ್ನಿಂಗ್ ಇಲ್ಲ. ಮಾರನೇ ದಿನ ಕ್ಲಾಸಿನಲ್ಲಿ ಕೇಳಿದೆ. ಮುಂದಿನ ಬೆಂಚಿನ ಹುಡುಗಿ ಮೆಲ್ಲಗೆ ಹೇಳಿದಳು, "ಮೇಡಂ, ಕಂಪ್ಯೂಟರ್ ಒಪ್ಪಿಕೊಂಡಿತಲ್ಲ?"

ಆ ಮಾತು ಕೇಳಿದ ಮೇಲೆ, ಆ ಲೆಕ್ಕ ಮಾಡಿಕೊಟ್ಟ ಆಕ್ಟೇವ್ ಸಾಫ್ಟ್‌ವೇರ್ ಬಗ್ಗೆ ಬರೆಯಲೇಬೇಕು ಅನ್ನಿಸಿತು. ನಾಲ್ಕು ವರ್ಷದಿಂದ ತಾಲ್ಲೂಕಿನ ಒಂದು ಡಿಗ್ರಿ ಕಾಲೇಜಿನಲ್ಲಿ ಗಣಿತದ ಲ್ಯಾಬ್ ನೋಡಿಕೊಳ್ಳುತ್ತಿದ್ದೇನೆ. ಹದಿನೆಂಟು ಕಂಪ್ಯೂಟರ್, ಎಲ್ಲದರಲ್ಲೂ 4 ಜಿಬಿ ರ‍್ಯಾಮ್, ಅರ್ಧಕ್ಕೆ ವಿಂಡೋಸ್, ಅರ್ಧಕ್ಕೆ ಉಬುಂಟು. ಹದಿನೆಂಟರಲ್ಲೂ ಗ್ನೂ ಆಕ್ಟೇವ್ ಇದೆ. ನಾನು ಇದನ್ನು ಮನಸಾರೆ ಇಷ್ಟಪಡುತ್ತೇನೆ. ಎಲ್ಲಿ ಹುಷಾರಾಗಿರಬೇಕು ಅನ್ನುವುದೂ ಈಗ ಚೆನ್ನಾಗಿ ಗೊತ್ತಾಗಿದೆ. ಎರಡನ್ನೂ ಹೇಳುತ್ತೇನೆ.

ಮೊದಲು ಇದು ಏನು ಅಂತ. ಆಕ್ಟೇವ್ ಅಂದರೆ ಮ್ಯಾಟ್ರಿಕ್ಸ್ (ಸಾಲು ಸಾಲಾಗಿ ಜೋಡಿಸಿದ ಅಂಕಿಗಳ ಕೋಷ್ಟಕ), ವೆಕ್ಟರ್ ಲೆಕ್ಕಗಳಿಗೆ ಹೇಳಿ ಮಾಡಿಸಿದ ಉಚಿತ ಸಾಫ್ಟ್‌ವೇರ್. ಹೆಚ್ಚುಕಡಿಮೆ ಮ್ಯಾಟ್‌ಲ್ಯಾಬ್ ಭಾಷೆಯನ್ನೇ ಆಡುತ್ತದೆ. ಮ್ಯಾಟ್‌ಲ್ಯಾಬ್‌ಗೆ ಲೈಸೆನ್ಸ್ ದುಡ್ಡು ಕೊಡಬೇಕು, ಇದಕ್ಕೆ ಬೇಡ. ಇದು ಹುಟ್ಟಿದ್ದೇ ಪಾಠಕ್ಕಾಗಿ. ಅಮೆರಿಕದಲ್ಲಿ ಇಬ್ಬರು ಕೆಮಿಕಲ್ ಎಂಜಿನಿಯರಿಂಗ್ ಮೇಷ್ಟ್ರುಗಳು ರಿಯಾಕ್ಟರ್ ವಿನ್ಯಾಸದ ಪಠ್ಯಪುಸ್ತಕ ಬರೆಯುತ್ತಿದ್ದರು. ಅದರ ಜೊತೆಗೆ ವಿದ್ಯಾರ್ಥಿಗಳಿಗೆ ಒಂದು ಸಾಫ್ಟ್‌ವೇರ್ ಇರಲಿ ಅಂತ 1988ರ ಸುಮಾರಿಗೆ ಯೋಚನೆ ಬಂತು. ಜಾನ್ ಈಟನ್ 1992ರಲ್ಲಿ ಸರಿಯಾಗಿ ಕೆಲಸ ಶುರು ಮಾಡಿದರು. 1994ರಲ್ಲಿ 1.0 ಆವೃತ್ತಿ ಬಂತು. ಆಕ್ಟೇವ್ ಅನ್ನುವ ಹೆಸರಿಗೂ ಸಂಗೀತಕ್ಕೂ ಸಂಬಂಧ ಇಲ್ಲ. ಅದು ಈಟನ್ ಅವರ ಗುರುಗಳಾದ ಆಕ್ಟೇವ್ ಲೆವೆನ್‌ಸ್ಪೀಲ್ ಅವರ ಹೆಸರು. ಕೈಗೆ ಸಿಕ್ಕ ಕಾಗದದ ಮೇಲೆ ಥಟ್ಟನೆ ಅಂದಾಜು ಲೆಕ್ಕ ಹಾಕುವುದರಲ್ಲಿ ಅವರು ಹೆಸರಾದವರು. ಗುರುವಿನ ಹೆಸರಿಟ್ಟ ಸಾಫ್ಟ್‌ವೇರ್ ಅಂತ ಮೊದಲ ಕ್ಲಾಸಿನಲ್ಲೇ ಹೇಳುತ್ತೇನೆ. ಮಕ್ಕಳಿಗೆ ಅದು ನೆನಪಿರುತ್ತದೆ.

ಒಂದು ಮಾತು. ಓದಲು ಸುಲಭವಾಗಲಿ ಅಂತ ಇಲ್ಲಿ ವೆಕ್ಟರ್ ಹೆಸರುಗಳನ್ನು ಕನ್ನಡದಲ್ಲಿ ಬರೆದಿದ್ದೇನೆ. ಆಕ್ಟೇವ್‌ನಲ್ಲಿ ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳನ್ನೇ ಬಳಸಬೇಕು.

ಲೀನಿಯರ್ ಕಾಂಬಿನೇಷನ್ ಪಾಠವನ್ನು ನಾನು ಹಿಟ್ಟಿನಿಂದ ಶುರು ಮಾಡುತ್ತೇನೆ. ಇಡ್ಲಿಗೆ 2 ಲೋಟ ಅಕ್ಕಿ, 1 ಲೋಟ ಉದ್ದು. ದೋಸೆಗೆ 3 ಲೋಟ ಅಕ್ಕಿ, 1 ಲೋಟ ಉದ್ದು, 1 ಚಮಚ ಮೆಂತ್ಯ. ಎರಡು ಅಳತೆ ಇಡ್ಲಿ ಹಿಟ್ಟು, ಒಂದು ಅಳತೆ ದೋಸೆ ಹಿಟ್ಟು ಬೇಕು ಅಂದರೆ ಒಟ್ಟು ಸಾಮಾನು ಎಷ್ಟು? 2*ಇಡ್ಲಿ + ದೋಸೆ. ಇಷ್ಟೇ ಲೀನಿಯರ್ ಕಾಂಬಿನೇಷನ್ ಅಂದರೆ. ಮನೆಯಲ್ಲಿ ಹಿಟ್ಟು ರುಬ್ಬುವವರಿಗೆಲ್ಲ ಇದು ಗೊತ್ತಿರುವ ಲೆಕ್ಕ, ಅಲ್ವಾ?

ಪ್ರತಿ ವರ್ಷ ಅರ್ಧ ಕ್ಲಾಸ್ ಇಲ್ಲೇ ಸಿಕ್ಕಿಕೊಳ್ಳುತ್ತದೆ. ಇಡ್ಲಿಗೆ ಮೆಂತ್ಯ ಹಾಕಲಿಲ್ಲವಲ್ಲ, ಹಾಗಾಗಿ ಇಡ್ಲಿ = [2 1] ಅಂತ ಬರೆಯುತ್ತಾರೆ. ದೋಸೆ = [3 1 1]. ಕೂಡಿಸಿದ ತಕ್ಷಣ ಆಕ್ಟೇವ್ ನಿಂತುಬಿಡುತ್ತದೆ: "ಎರರ್: ಆಪರೇಟರ್ +: ನಾನ್‌ಕನ್ಫಾರ್ಮೆಂಟ್ ಆರ್ಗ್ಯುಮೆಂಟ್ಸ್ (ಆಪ್1 ಈಸ್ 1×2, ಆಪ್2 ಈಸ್ 1×3)". ಕನ್ನಡ ಮಾಧ್ಯಮದಿಂದ ಬಂದ ಮಕ್ಕಳು ಈ ಸಾಲು ನೋಡಿದ ಕೂಡಲೇ ಕೀಬೋರ್ಡಿನಿಂದ ಕೈ ತೆಗೆದುಬಿಡುತ್ತಾರೆ. ಏನೋ ಹಾಳು ಮಾಡಿದೆವು ಅನ್ನುವ ಭಯ. ನಿಜ ಹೇಳಬೇಕೆಂದರೆ ಆಕ್ಟೇವ್‌ನ ಅತಿ ಒಳ್ಳೆಯ ಗುಣವೇ ಈ ಸಾಲು. ನಾನ್‌ಕನ್ಫಾರ್ಮೆಂಟ್ ಅಂದರೆ "ಅಳತೆ ಹೊಂದುತ್ತಿಲ್ಲ". ಆಪ್1 ಅಂದರೆ ಗುರುತಿನ ಎಡಗಡೆ ಇರುವುದು, ಆಪ್2 ಬಲಗಡೆಯದು. ಎಡಗಡೆಯದರಲ್ಲಿ ಎರಡು ಅಂಕಿ, ಬಲಗಡೆಯದರಲ್ಲಿ ಮೂರು. ಎಲ್ಲಿ ಎಷ್ಟು ಕಮ್ಮಿ ಅಂತ ಅದೇ ಹೇಳಿಬಿಟ್ಟಿದೆ. ಇಡ್ಲಿಗೆ ಒಂದು 0 ಸೇರಿಸಿ [2 1 0] ಮಾಡಿದರೆ [7 3 1] ಬಂತು, ಮುಗಿಯಿತು. ಹಾಕದೇ ಇರುವ ಸಾಮಾನಿಗೂ ಒಂದು ಜಾಗ ಇರಬೇಕು ಅನ್ನುವುದು ಮಕ್ಕಳಿಗೆ ಅಲ್ಲೇ ಗಟ್ಟಿಯಾಗುತ್ತದೆ.

ಎರಡು ವೆಕ್ಟರ್ ಗುಣಿಸಲು ಹೋದಾಗಲೂ ಇದೇ ಸಂದೇಶ ಬರುತ್ತದೆ, ಕೂಡುವ ಗುರುತಿನ ಬದಲು ನಕ್ಷತ್ರ ಇರುತ್ತದೆ. ಈ ಸಲ ಎರಡೂ 1×3, ಆದರೂ ಎರರ್! ಮಕ್ಕಳಿಗೆ ಗೊಂದಲ. ಬರೀ ನಕ್ಷತ್ರ ಅಂದರೆ ಮ್ಯಾಟ್ರಿಕ್ಸ್ ಗುಣಾಕಾರ, ಮೊದಲನೆಯದರ ಕಂಬಸಾಲು ಎಷ್ಟೋ ಎರಡನೆಯದರ ಅಡ್ಡಸಾಲೂ ಅಷ್ಟಿರಬೇಕು. ಅಂಕಿಗೆ ಅಂಕಿ ಗುಣಿಸಬೇಕಾದರೆ ನಕ್ಷತ್ರದ ಮುಂಚೆ ಚುಕ್ಕೆ ಇಡಬೇಕು. ಡಾಟ್ ಪ್ರಾಡಕ್ಟ್ (ಅಂಕಿಗೆ ಅಂಕಿ ಗುಣಿಸಿ ಎಲ್ಲವನ್ನೂ ಕೂಡಿದ ಮೊತ್ತ) ಬೇಕಾದರೆ ಡಾಟ್ ಅಂತಲೇ ಒಂದು ಫಂಕ್ಷನ್ ಇದೆ. ಇನ್ನು 2*ಇಡ್ಲಿ ಬದಲು 2ಇಡ್ಲಿ ಅಂತ ನಕ್ಷತ್ರ ಬಿಟ್ಟು ಬರೆದರೆ ಪಾರ್ಸ್ ಎರರ್, ಅಂದರೆ ಬರವಣಿಗೆ ತಪ್ಪು. ವರ್ಡ್ ಫೈಲಿನಿಂದ ಕಾಪಿ ಮಾಡಿ ತಂದಾಗ ನೇರ ಉದ್ಧರಣ ಚಿಹ್ನೆ ಬಾಗಿದ ಚಿಹ್ನೆಯಾಗಿ ಬದಲಾಗಿದ್ದರೂ ಪಾರ್ಸ್ ಎರರ್. ಇವೆಲ್ಲ ಸುಲಭ. ಆಕ್ಟೇವ್ ಕೂಗಿ ಹೇಳುತ್ತದೆ, ನಾವು ಸರಿಮಾಡುತ್ತೇವೆ.

ನನ್ನ ನಿದ್ದೆ ಕೆಡಿಸಿದ್ದು ಅದು ಕೂಗದೇ ಇರುವ ಜಾಗಗಳು.

ಒಟ್ಟು ಸಾಮಾನಿನಿಂದ ದೋಸೆಯದನ್ನು ಕಳೆಯಬೇಕು ಅಂದುಕೊಳ್ಳಿ. ಒಟ್ಟು [7 3 1]. ಒಬ್ಬ ಹುಡುಗ [ಒಟ್ಟು -ದೋಸೆ] ಅಂತ ಬರೆದ. ಕಳೆಯುವ ಗುರುತಿನ ಮುಂಚೆ ಒಂದು ಸ್ಪೇಸ್, ಆಮೇಲೆ ಇಲ್ಲ. ಬಂದ ಉತ್ತರ 7 3 1 -3 -1 -1. ಮೂರು ಅಂಕಿ ಬರಬೇಕಾದ ಕಡೆ ಆರು. ಚೌಕ ಆವರಣದ ಒಳಗೆ ಸ್ಪೇಸ್ ಅಂದರೆ "ಇದು ಬೇರೆ, ಅದು ಬೇರೆ" ಅಂತ ಆಕ್ಟೇವ್ ಅರ್ಥ ಮಾಡಿಕೊಳ್ಳುತ್ತದೆ. ಹಾಗಾಗಿ ಕಳೆಯಲಿಲ್ಲ, ಪಕ್ಕಕ್ಕೆ ಜೋಡಿಸಿತು. ಎರಡೂ ಕಡೆ ಸ್ಪೇಸ್ ಕೊಟ್ಟರೆ ಸರಿ, ಎರಡೂ ಕಡೆ ಬಿಟ್ಟರೂ ಸರಿ, 4 2 0 ಬರುತ್ತದೆ. ಮುಂಚೆ ಮಾತ್ರ ಕೊಟ್ಟು ಆಮೇಲೆ ಬಿಟ್ಟರೆ ಕೆಟ್ಟಿತು. ಆ ಹುಡುಗ ಅರ್ಧ ಗಂಟೆ ಸ್ಕ್ರೀನ್ ನೋಡುತ್ತಾ ಕೂತಿದ್ದ. ಅವನ ಲೆಕ್ಕದಲ್ಲಿ ತಪ್ಪೇ ಇರಲಿಲ್ಲ. ಕೂಡುವಾಗ, ಕಳೆಯುವಾಗ ಚೌಕ ಆವರಣವೇ ಬೇಡ ಅಂತ ಅವತ್ತಿನಿಂದ ನಿಯಮ ಮಾಡಿದ್ದೇನೆ. ವೆಕ್ಟರ್ ಬರೆಯುವಾಗ ಮಾತ್ರ ಚೌಕ ಆವರಣ.

ಎರಡನೆಯದು ಅಡ್ಡಸಾಲು, ಕಂಬಸಾಲು ಬೆರೆಸುವುದು. [1 2 3] ಅಡ್ಡಸಾಲು. [10; 20; 30] ಅಂತ ಅರ್ಧವಿರಾಮ ಹಾಕಿದರೆ ಕಂಬಸಾಲು. ಕಾಗದದ ಮೇಲೆ ಇವೆರಡನ್ನು ಕೂಡುವ ಹಾಗೇ ಇಲ್ಲ. ಆಕ್ಟೇವ್ ಕೂಡುತ್ತದೆ. ಮೂರು ಸಾಲಿನ ಒಂದು ಮ್ಯಾಟ್ರಿಕ್ಸ್ ಕೊಡುತ್ತದೆ: 11 12 13, ಕೆಳಗೆ 21 22 23, ಅದರ ಕೆಳಗೆ 31 32 33. ಇದನ್ನು ಬ್ರಾಡ್‌ಕಾಸ್ಟಿಂಗ್ ಅನ್ನುತ್ತಾರೆ. 2012ರ 3.6 ಆವೃತ್ತಿಯಲ್ಲಿ ಬಂತು. ಆಗ ಹೀಗೆ ಮಾಡಿದಾಗೆಲ್ಲ ಒಂದು ವಾರ್ನಿಂಗ್ ಕೊಡುತ್ತಿತ್ತು, ಈಗ ಆ ವಾರ್ನಿಂಗ್ ತಾನಾಗಿ ಬರುವುದಿಲ್ಲ. ಮ್ಯಾಟ್‌ಲ್ಯಾಬ್ ಕೂಡ 2016ರಲ್ಲಿ ಇದೇ ದಾರಿ ಹಿಡಿಯಿತು. ದೊಡ್ಡ ದೊಡ್ಡ ಡೇಟಾ ಇಟ್ಟುಕೊಂಡು ಕೆಲಸ ಮಾಡುವವರಿಗೆ ಇದು ವರ. ಕಲಿಯುವ ಮಕ್ಕಳಿಗೆ ಆ ಹಳೇ ವಾರ್ನಿಂಗ್ ಇದ್ದಿದ್ದರೆ ಎಷ್ಟೋ ಚೆನ್ನಾಗಿತ್ತು.

ಭೌತಶಾಸ್ತ್ರದ ಮಕ್ಕಳದು ಇನ್ನೊಂದು ತಾಪತ್ರಯ. ಅವರಿಗೆ ವೆಕ್ಟರ್ ಅಂದರೆ ಐ, ಜೆ, ಕೆ. ಸೀದಾ 2*ಐ + 3*ಜೆ ಅಂತ ಟೈಪ್ ಮಾಡುತ್ತಾರೆ. ಉತ್ತರ 0 + 5ಐ! ಆಕ್ಟೇವ್‌ನಲ್ಲಿ ಐ, ಜೆ ಎರಡೂ ಮೈನಸ್ ಒಂದರ ವರ್ಗಮೂಲ, ಅಂದರೆ ಕಾಲ್ಪನಿಕ ಸಂಖ್ಯೆ. ನಾವು ಬೇರೆ ಬೆಲೆ ಕೊಡುವ ತನಕ ಅದೇ ಅರ್ಥ. ಕೆ ಸೇರಿಸಿದರೆ ಮಾತ್ರ "ಕೆ ಅನ್‌ಡಿಫೈನ್ಡ್" ಅಂತ ಎರರ್ ಬರುತ್ತದೆ. ಕೆ ಇದ್ದ ಲೆಕ್ಕದ ಮಕ್ಕಳು ಬಚಾವ್, ಸಮತಲದ ಲೆಕ್ಕ ಮಾಡಿದವರು ಸಿಕ್ಕಿಬಿದ್ದರು. ಮೊದಲು ಐ = [1 0 0], ಜೆ = [0 1 0], ಕೆ = [0 0 1] ಅಂತ ಬರೆದುಕೊಂಡರೆ ತೊಂದರೆ ಇಲ್ಲ.

ಈಗ ಆ ಒಂಬತ್ತು ರೆಕಾರ್ಡ್‌ಗಳ ವಿಷಯಕ್ಕೆ ಬರುತ್ತೇನೆ. ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು.

ಗುಣಕಗಳನ್ನು ಕಂಡುಹಿಡಿಯಲು ವೆಕ್ಟರ್‌ಗಳನ್ನು ಒಂದು ಮ್ಯಾಟ್ರಿಕ್ಸ್‌ನಲ್ಲಿ ಜೋಡಿಸಿ, ಹಿಂದಕ್ಕೆ ವಾಲಿದ ಗೀಟು \ ಬಳಸುತ್ತೇವೆ. ಜೋಡಿಸುವಾಗ ಒಂದೊಂದು ವೆಕ್ಟರೂ ಒಂದೊಂದು ಕಂಬಸಾಲಾಗಿ ನಿಲ್ಲಬೇಕು. ಮಕ್ಕಳು ಪುಸ್ತಕದಲ್ಲಿ ಇದ್ದ ಹಾಗೇ ಒಂದರ ಕೆಳಗೆ ಒಂದು ಬರೆದರು: [1 0 2; 0 1 1; 1 1 0]. ವೆಕ್ಟರ್‌ಗಳು ಅಡ್ಡಸಾಲಾಗಿಬಿಟ್ಟವು. ಮ್ಯಾಟ್ರಿಕ್ಸ್ 3×3, ಬಲಗಡೆ 3×1. ಅಳತೆ ಸರಿಯಾಗಿ ಹೊಂದುತ್ತದೆ. ಆಕ್ಟೇವ್ ಬೇರೆ ಯಾವುದೋ ಮೂರು ಸಮೀಕರಣಗಳನ್ನು ಬಹಳ ಸರಿಯಾಗಿ ಬಿಡಿಸಿ 2.3333, 0.6667, 1.3333 ಕೊಟ್ಟಿತು. ಅದರ ತಪ್ಪಿಲ್ಲ. ನಾವು ಕೇಳಿದ ಪ್ರಶ್ನೆಯೇ ಬೇರೆ.

ಇನ್ನೂ ಒಂದು ಸೂಕ್ಷ್ಮ ಇದೆ. ಒಂಬತ್ತರಲ್ಲಿ ಇಬ್ಬರು ತಾಳೆಯನ್ನೂ ನೋಡಿದ್ದರು, ಪಾಪ. ಅದೇ ಮ್ಯಾಟ್ರಿಕ್ಸ್‌ನಿಂದ ಉತ್ತರವನ್ನು ಗುಣಿಸಿದರು, 5, 2, 3 ಬಂತು. ಬರಲೇಬೇಕು, ಯಾಕೆಂದರೆ ತಪ್ಪಾಗಿ ಜೋಡಿಸಿದ ಮ್ಯಾಟ್ರಿಕ್ಸ್‌ಗೆ ಅದೇ ಸರಿ ಉತ್ತರ. ತಾಳೆ ನೋಡುವಾಗ ಮ್ಯಾಟ್ರಿಕ್ಸ್ ಮುಟ್ಟಬಾರದು. ಮೊದಲು ಬರೆದುಕೊಂಡ ಮೂರು ವೆಕ್ಟರ್‌ಗಳನ್ನೇ ತೆಗೆದುಕೊಂಡು ಬಿಡಿಬಿಡಿಯಾಗಿ ಗುಣಿಸಿ ಕೂಡಬೇಕು. ಹಾಗೆ ಮಾಡಿದರೆ 3.6667, 2.0000, 5.3333 ಬರುತ್ತದೆ. ನಡುವಿನ 2 ಮಾತ್ರ ಹೊಂದಿತು, ಅಕ್ಕಪಕ್ಕದ ಎರಡೂ ಹೊಂದಲಿಲ್ಲ. ತಪ್ಪು ಅಲ್ಲೇ ಕಾಣುತ್ತದೆ. ಆ ಇಬ್ಬರನ್ನು ಪಕ್ಕ ಕೂರಿಸಿಕೊಂಡು ಇದನ್ನು ತೋರಿಸಿದೆ. ತಾಳೆ ನೋಡುವ ಮನಸ್ಸು ಮಾಡಿದ ಮಕ್ಕಳಿಗೇ ಹೀಗಾದರೆ ನನಗೆ ಬೇಜಾರಾಗುತ್ತದೆ.

ಇದಕ್ಕಿಂತ ಮೋಸದ್ದು ಇನ್ನೊಂದಿದೆ. (1, 0, 1) ಮತ್ತು (0, 1, 0) ಇವೆರಡರಿಂದ (1, 2, 3) ಕಟ್ಟಬಹುದೇ? ಆಗುವುದಿಲ್ಲ. ಮೊದಲ ವೆಕ್ಟರ್‌ನಲ್ಲಿ ಒಂದನೇ ಅಂಕಿ, ಮೂರನೇ ಅಂಕಿ ಎರಡೂ ಒಂದೇ, ಎರಡನೆಯದರಲ್ಲಿ ಆ ಎರಡೂ ಜಾಗ ಸೊನ್ನೆ. ಹಾಗಿದ್ದ ಮೇಲೆ 1 ಮತ್ತು 3 ಎಲ್ಲಿಂದ ಬರಬೇಕು? ಆದರೆ ಈ ಸಲ ಕಂಬಸಾಲು ಸರಿಯಾಗಿ ಜೋಡಿಸಿ \ ಹಾಕಿದರೂ ಆಕ್ಟೇವ್ 2, 2 ಅಂತ ಉತ್ತರ ಕೊಡುತ್ತದೆ. ನೋಡಿ, ದಶಾಂಶ ಕೂಡ ಇಲ್ಲ, ಚೊಕ್ಕ ಪೂರ್ಣಾಂಕ. ಯಾರಾದರೂ ನಂಬುತ್ತಾರೆ. ನಿಜವಾದ ಉತ್ತರ ಇಲ್ಲದಿದ್ದಾಗ ಅದು ಅತಿ ಹತ್ತಿರದ ಉತ್ತರ ಹುಡುಕುತ್ತದೆ. ಕಮ್ಮಿ ವರ್ಗಗಳ ವಿಧಾನ, ಅಂದರೆ ಲೀಸ್ಟ್ ಸ್ಕ್ವೇರ್ಸ್. ವಾರ್ನಿಂಗ್ ಇಲ್ಲ. 2, 2 ಹಾಕಿ ತಾಳೆ ನೋಡಿದರೆ (2, 2, 2) ಬರುತ್ತದೆ, (1, 2, 3) ಅಲ್ಲ. ರ‍್ಯಾಂಕ್ ನೋಡಿದರೂ, ಅಂದರೆ ಮ್ಯಾಟ್ರಿಕ್ಸ್‌ನಲ್ಲಿ ಸ್ವತಂತ್ರ ವೆಕ್ಟರ್‌ಗಳು (ಉಳಿದವುಗಳಿಂದ ಕಟ್ಟಲಾಗದವು) ಎಷ್ಟು ಅಂತ ಎಣಿಸಿದರೂ, ಗೊತ್ತಾಗುತ್ತದೆ: ಎರಡು ವೆಕ್ಟರ್‌ಗಳ ಮ್ಯಾಟ್ರಿಕ್ಸ್‌ಗೆ ರ‍್ಯಾಂಕ್ 2, ಪಕ್ಕದಲ್ಲಿ (1, 2, 3) ಸೇರಿಸಿದರೆ 3. ರ‍್ಯಾಂಕ್ ಹೆಚ್ಚಾದರೆ ಆ ವೆಕ್ಟರ್ ಇವುಗಳಿಂದ ಬರುವುದಿಲ್ಲ ಅಂತ ಅರ್ಥ. ಪರೀಕ್ಷೆಗೆ ಹೋಗುವ ಮಕ್ಕಳಿಗೆ ಈ ರ‍್ಯಾಂಕ್ ಸಾಲನ್ನು ಕಡ್ಡಾಯ ಮಾಡಿದ್ದೇನೆ.

ದಶಾಂಶದ ಕಾಟದ ಬಗ್ಗೆ ಚಿಕ್ಕದಾಗಿ. 0.1*[1 2 3] ಮತ್ತು [0.1 0.2 0.3] ಸಮವೇ ಅಂತ ಎರಡು ಸಮಚಿಹ್ನೆ ಹಾಕಿ ಕೇಳಿದರೆ 1 1 0 ಬರುತ್ತದೆ, ಅಂದರೆ ಮೂರನೆಯದು ಸಮ ಅಲ್ಲ ಅಂತ. ಕಂಪ್ಯೂಟರ್ ಒಳಗೆ ಸಂಖ್ಯೆಗಳು ಎರಡರ ಘಾತಗಳಲ್ಲಿ ಇರುತ್ತವೆ, 0.1 ಅಲ್ಲಿ ಪೂರ್ತಿ ಕೂರುವುದಿಲ್ಲ. ಇದರಿಂದಲೇ (1, 2, 3), (4, 5, 6), (7, 8, 9) ಇವುಗಳ ಡಿಟರ್ಮಿನಂಟ್ (ಒಂದು ವೆಕ್ಟರ್ ಉಳಿದವುಗಳಿಂದ ಬರುತ್ತಿದ್ದರೆ ಸೊನ್ನೆಯಾಗುವ ಸಂಖ್ಯೆ) ಸೊನ್ನೆ ಬರಬೇಕಾದ ಕಡೆ 6.6613 × 10⁻¹⁶ ಬರುತ್ತದೆ. ಎರಡನೆಯದರ ಎರಡರಷ್ಟರಲ್ಲಿ ಮೊದಲನೆಯದನ್ನು ಕಳೆದರೆ ಮೂರನೆಯದು ಬರುತ್ತದೆ ಅಂತ ಕಣ್ಣಿಗೇ ಕಾಣುತ್ತಿದ್ದರೂ, "ಸೊನ್ನೆ ಅಲ್ಲವಲ್ಲ ಮೇಡಂ" ಅಂತ ಸ್ವತಂತ್ರ ಅಂದುಬಿಡುತ್ತಾರೆ. ಇಲ್ಲೂ ರ‍್ಯಾಂಕ್ ಕೇಳಿ, ಸರಿಯಾಗಿ 2 ಅನ್ನುತ್ತದೆ. ಇದೇ ಮ್ಯಾಟ್ರಿಕ್ಸ್ ಮೇಲೆ \ ಹಾಕಿದರೆ "ಸಿಂಗ್ಯುಲರ್ ಟು ಮಶೀನ್ ಪ್ರಿಸಿಷನ್" ಅಂತ ವಾರ್ನಿಂಗ್ ಕೊಡುತ್ತದೆ. ಆ ವಾರ್ನಿಂಗ್ ಬಂದ ಮೇಲೂ ಉತ್ತರ ಬರುತ್ತದೆ. ಉತ್ತರ ಬಂತು ಅಂತ ವಾರ್ನಿಂಗ್ ದಾಟಿ ಹೋಗಬೇಡಿ.

ಹೆಸರು ಇಡುವಾಗಲೂ ಜೋಪಾನ. ಒಟ್ಟು ಅನ್ನುವುದಕ್ಕೆ ಸಮ್ ಅಂತ ಹೆಸರಿಟ್ಟರೆ, ಆಮೇಲೆ ಸಮ್ ಫಂಕ್ಷನ್ ಕೆಲಸ ಮಾಡುವುದಿಲ್ಲ, ಇಂಡೆಕ್ಸ್ ಔಟ್ ಆಫ್ ಬೌಂಡ್ ಅನ್ನುವ ವಿಚಿತ್ರ ಎರರ್ ಬರಬಹುದು. ಒಳ್ಳೆಯ ವಿಷಯ ಅಂದರೆ ಈಗಿನ ಆವೃತ್ತಿಗಳು ಆ ಎರರ್ ಕೊನೆಯಲ್ಲಿ "ಈ ಹೆಸರಿನ ವೇರಿಯಬಲ್ ಫಂಕ್ಷನ್ನನ್ನು ಮುಚ್ಚಿದೆ" ಅನ್ನುವ ಅರ್ಥದ ಟಿಪ್ಪಣಿ ಸೇರಿಸುತ್ತವೆ. ಕ್ಲಿಯರ್ ಅಂತ ಟೈಪ್ ಮಾಡಿದರೆ ಹಳೇ ಹೆಸರುಗಳೆಲ್ಲ ಹೋಗುತ್ತವೆ. ಪ್ರತಿ ಹೊಸ ಲೆಕ್ಕಕ್ಕೂ ಮುಂಚೆ ಕ್ಲಿಯರ್ ಮಾಡಿಸುತ್ತೇನೆ. ಹಿಂದಿನ ಲೆಕ್ಕದ ವೆಕ್ಟರ್ ಉಳಿದುಕೊಂಡು ಆದ ಗಲಾಟೆ ಒಂದೆರಡಲ್ಲ.

ಬೇರೆಯವುಗಳ ಜೊತೆ ಹೋಲಿಸಿದರೆ? ಪೈಥಾನ್‌ನಲ್ಲಿ ಬರೀ ಲಿಸ್ಟ್ ಬಳಸಿ ವೆಕ್ಟರ್ ಲೆಕ್ಕ ಮಾಡಲೇಬೇಡಿ. ಅಲ್ಲಿ 2*[1, 2, 3] ಅಂದರೆ ಲಿಸ್ಟ್ ಎರಡು ಸಲ ಬರುತ್ತದೆ, ಬೆಲೆ ದುಪ್ಪಟ್ಟಾಗುವುದಿಲ್ಲ. ನಂಪೈ ಅನ್ನುವ ಲೈಬ್ರರಿ ಹಾಕಿಕೊಳ್ಳಬೇಕು. ಸೇಜ್‌ಮ್ಯಾತ್ ಅನ್ನುವ ಇನ್ನೊಂದು ಗಣಿತ ಸಾಫ್ಟ್‌ವೇರ್ ಚೊಕ್ಕಟವಾಗಿದೆ. 2.3333 ಬದಲು 7/3 ಅಂತ ಭಿನ್ನರಾಶಿಯಲ್ಲೇ ಕೊಡುತ್ತದೆ, ಅಳತೆ ಬೇರೆ ಇರುವ ವೆಕ್ಟರ್‌ಗಳನ್ನು ಕೂಡುವುದೂ ಇಲ್ಲ. ಲೀನಿಯರ್ ಆಲ್ಜಿಬ್ರಾದ ಸಿದ್ಧಾಂತ ಕಲಿಯುವವರಿಗೆ ಅದು ಜಾಸ್ತಿ ಒಪ್ಪುತ್ತದೆ. ಆದರೆ ನಮ್ಮ 4 ಜಿಬಿ ಯಂತ್ರಗಳಿಗೆ ಅದು ಭಾರ. ಆಕ್ಟೇವ್ ಹಗುರ. 2015ರ 4.0 ಆವೃತ್ತಿಯಿಂದ ಅದರಲ್ಲೂ ಕಿಟಕಿ, ಮೆನು ಎಲ್ಲ ಇದೆ. ಅದು ತೆರೆಯಲು ಹಳೇ ಯಂತ್ರದಲ್ಲಿ ಸ್ವಲ್ಪ ಹೊತ್ತು ಹಿಡಿಯುತ್ತದೆ. ನಾವು ಉಬುಂಟುವಿನಲ್ಲಿ ಬರೀ ಕಮಾಂಡ್ ಕಿಟಕಿಯಲ್ಲೇ ತೆರೆಯುತ್ತೇವೆ, ಬೇಗ ಬರುತ್ತದೆ. ಮನೆಯಲ್ಲಿ ಕಂಪ್ಯೂಟರ್ ಇಲ್ಲದ ಮಕ್ಕಳು ಆಕ್ಟೇವ್ ಆನ್‌ಲೈನ್ ಅನ್ನುವ ತಾಣವನ್ನು ಫೋನಿನ ಬ್ರೌಸರ್‌ನಲ್ಲೇ ತೆರೆದು ಅಭ್ಯಾಸ ಮಾಡುತ್ತಾರೆ. ಇದು ನನಗೆ ತುಂಬಾ ಖುಷಿ ಕೊಟ್ಟ ವಿಷಯ.

ಒಂದು ಕೊರತೆ ಹೇಳಲೇಬೇಕು. ಎರರ್ ಸಂದೇಶಗಳು ನಮ್ಮ ಮಕ್ಕಳಿಗೆ ಇಂಗ್ಲಿಷ್‌ನಲ್ಲೇ ಬರುತ್ತವೆ. ಲೆಕ್ಕ ಬರುವ ಮಗು ಒಂದು ಇಂಗ್ಲಿಷ್ ಪದಕ್ಕೆ ಹೆದರಿ ಹಿಂದೆ ಸರಿಯುವುದನ್ನು ನೋಡಲು ಕಷ್ಟವಾಗುತ್ತದೆ. ಅದಕ್ಕೆ ಲ್ಯಾಬಿನ ಗೋಡೆಗೆ ಒಂದು ಚಾರ್ಟ್ ಹಚ್ಚಿದ್ದೇನೆ. ಎಡಗಡೆ ಆಕ್ಟೇವ್ ಹೇಳುವುದು, ಬಲಗಡೆ ಅದರ ಕನ್ನಡ. ನಾನ್‌ಕನ್ಫಾರ್ಮೆಂಟ್: ಅಳತೆ ಹೊಂದುತ್ತಿಲ್ಲ, ಸೈಜ್ ನೋಡು. ಅನ್‌ಡಿಫೈನ್ಡ್: ಈ ಹೆಸರಿಗೆ ಬೆಲೆ ಕೊಟ್ಟಿಲ್ಲ. ವರ್ಟಿಕಲ್ ಡೈಮೆನ್ಶನ್ಸ್ ಮಿಸ್‌ಮ್ಯಾಚ್: ಒಂದರ ಕೆಳಗೆ ಒಂದು ಇಟ್ಟ ಸಾಲುಗಳಲ್ಲಿ ಅಂಕಿಗಳ ಲೆಕ್ಕ ಒಂದೇ ಇಲ್ಲ. ಪಾರ್ಸ್ ಎರರ್: ಬರವಣಿಗೆ ತಪ್ಪು, ನಕ್ಷತ್ರ, ಆವರಣ, ಚಿಹ್ನೆ ನೋಡು. ಚಾರ್ಟ್ ಹಚ್ಚಿದ ಮೇಲೆ "ಮೇಡಂ, ಎರರ್" ಅಂತ ಕೂಗುವ ಬದಲು ಮಕ್ಕಳು ಎದ್ದು ಗೋಡೆ ಹತ್ತಿರ ಹೋಗುತ್ತಾರೆ.

ಕಾಲೇಜು ಲ್ಯಾಬಿಗೆ, ಸ್ವಂತ ಕಲಿಯುವವರಿಗೆ ಆಕ್ಟೇವ್ ತಗೊಳ್ಳಿ ಅಂತ ಧೈರ್ಯವಾಗಿ ಹೇಳುತ್ತೇನೆ. ಐದಕ್ಕೆ ನಾಲ್ಕು ಅಂಕ. ಆ ಒಂದು ಅಂಕ ಕಳೆದದ್ದು ವಾರ್ನಿಂಗ್ ಇಲ್ಲದೆ ಕೊಡುವ 2, 2 ಉತ್ತರಕ್ಕೆ.

ಆ ಒಂಬತ್ತು ಜನ ರೆಕಾರ್ಡ್ ತಿದ್ದಿ ತಂದರು. "ಕಂಪ್ಯೂಟರ್ ಒಪ್ಪಿಕೊಂಡಿತಲ್ಲ" ಅಂದಿದ್ದ ಹುಡುಗಿ 2, -1, 3 ಪ್ರಿಂಟ್‌ಔಟ್ ಕೆಳಗೆ ಪೆನ್ಸಿಲ್‌ನಲ್ಲಿ ಮೂರು ವೆಕ್ಟರ್‌ಗಳನ್ನೂ ಬಿಡಿಬಿಡಿಯಾಗಿ ಗುಣಿಸಿ, ಕೂಡಿ, ಕೊನೆಗೆ (5, 2, 3) ಸುತ್ತ ಒಂದು ಚೌಕ ಹಾಕಿದ್ದಳು.